ಗೂಲೂ ಮಾಸಿಯ ಹಾಲು, ಎದಲ್‌ಜಿ ಮನೆಯ ರಕ್ತ

ನಮ್ಮ ಬಾಗಿನಲ್ಲಿ, ಅಂದರೆ ನಮ್ಮ ವಠಾರದಲ್ಲಿ, ಎಂಟು ಮಕ್ಕಳು ಗೂಲೂ ಮಾಸಿಯ ಎದೆಹಾಲು ಕುಡಿದವು. ಮೂರು ಅವಳು ಹೆತ್ತವು, ಐದು ಬೇರೆಯವರವು. ಆ ಐದರಲ್ಲಿ ಒಂದು ನನ್ನ ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬಾಗಿನವರನ್ನು ಬೈಯುವಾಗ ನಮ್ಮ ಮನೆಯನ್ನು ಬಿಟ್ಟು ಬೈದೆ ಎಂದು ಯಾರೂ ತಿಳಿಯಬಾರದು.

ಅವಳ ಪೂರ್ತಿ ಹೆಸರು ಗೂಲ್‌ಚೇರ್ ಜಾಲ್ ಬಿಲಿಮೋರಿಯಾ; ಬಾಗಿನ ಮಕ್ಕಳಿಗೆಲ್ಲ ಮಾಸಿ, ಅಂದರೆ ಚಿಕ್ಕಮ್ಮ. ಮುಂಬಯಿಯಲ್ಲಿ ಪಾರ್ಸಿಗಳಿಗೆಂದೇ ಟ್ರಸ್ಟು ಕಟ್ಟಿಸಿದ ಬೇಜನ್‌ಶಾ ಬಾಗಿನ ಐದು ಕಟ್ಟಡಗಳಲ್ಲಿ ಎರಡನೆಯದರ ನೆಲಮಹಡಿಯ ಒಂದು ಕೋಣೆ ಅವಳ ಸಂಸಾರ. ಗಂಡ ಜಾಲ್ ಬಟ್ಟೆ ಗಿರಣಿಯಲ್ಲಿ ಮೆಕ್ಯಾನಿಕ್. ಅವಳು ಸುದ್ರೆ ಹೊಲಿಯುತ್ತಿದ್ದಳು. ನಾವೆಲ್ಲ ಮೈಗೆ ತಾಗುವಂತೆ ತೊಡುವ ಬಿಳಿ ಮಲ್ ಬಟ್ಟೆಯ ಅಂಗಿ ಅದು. ಮಕ್ಕಳಿಗೆ ನವಜೋತ್ ಮಾಡಿ ಧರ್ಮಕ್ಕೆ ಸೇರಿಸಿಕೊಳ್ಳುವ ದಿನ ಮೊದಲ ಸಲ ತೊಡಿಸುತ್ತೇವೆ. ಬಾಗಿನ ಅರ್ಧ ಮಕ್ಕಳ ಮೊದಲ ಸುದ್ರೆ ಅವಳ ಕೈಯದು. ದಪ್ಪ ತೋಳು, ಮೂರನೇ ಮಹಡಿಗೂ ಕೇಳುವ ನಗು, ಯಾರೆದುರೂ ತಗ್ಗದ ಬಾಯಿ.

೧೯೫೯ರಲ್ಲಿ ಮೂರನೇ ಮಹಡಿಯ ಧನ್‌ಮಾಯ್‌ಗೆ ಹೆರಿಗೆಯಾದ ಹದಿನೈದೇ ದಿನಕ್ಕೆ ಟೈಫಾಯ್ಡ್ ಬಂತು, ಎದೆ ಬತ್ತಿಹೋಯಿತು. ಮಗು ಆಬಾನ್ ಡಬ್ಬಿ ಹಾಲು ಬಾಯಿಗಿಟ್ಟರೆ ಉಗುಳುತ್ತಿತ್ತು. ಧನ್‌ಮಾಯ್ ಗಂಡ ಎದಲ್‌ಜಿ ಬ್ಯಾಂಕಿನಲ್ಲಿ ಹೆಡ್ ಕ್ಲಾರ್ಕ್, ಬಾಗಿನ ಕಮಿಟಿಗೆ ಕಾರ್ಯದರ್ಶಿ. ಟ್ರಸ್ಟಿನವರು ಅವರ ಮಾತು ಕೇಳುತ್ತಿದ್ದರು. ಅಂಥ ಮನುಷ್ಯ ಕಪ್ಪು ಟೋಪಿ ಕೈಯಲ್ಲಿ ಹಿಡಿದುಕೊಂಡು ಗೂಲೂ ಮಾಸಿಯ ಬಾಗಿಲಿಗೆ ಬಂದರು. ಆಗ ಅವಳು ಅತ್ತೆಯ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಏಳು ಜನರ ನಡುವೆ ಇದ್ದಳು. ಅವಳ ಮೊದಲನೆಯದಕ್ಕೆ ನಾಲ್ಕು ತಿಂಗಳು.

"ಗೂಲೂ, ಕೇಳೋಕೆ ನಾಚಿಕೆ ಆಗುತ್ತೆ..."

"ನಾಚ್ಕೊಂಡು ನಿಂತ್ರೆ ಮಗು ಹೊಟ್ಟೆ ತುಂಬುತ್ತಾ ಶೇಠ್‌ಜಿ? ತನ್ನಿ ಇಲ್ಲಿ. ನಮ್ಮ ಜಾಲ್ ಸಂಬಳದಲ್ಲಿ ಇಲ್ದೇ ಇರೋದೆಲ್ಲ ದೇವ್ರು ನನ್ನ ಎದೇಲಿ ಇಟ್ಟಿದಾನೆ."

ಒಂಬತ್ತು ತಿಂಗಳು ಹಾಲೂಡಿಸಿದಳು. ಆಬಾನ್ ದುಂಡಗಾದಳು. ಧನ್‌ಮಾಯ್ ಎದ್ದು ಓಡಾಡುವಂತಾದ ಮೇಲೆ ಎಲ್ಲರೆದುರಿಗೆ, "ಇವಳು ನನ್ನ ಮಗಳಿಗೆ ಎರಡನೇ ತಾಯಿ" ಎಂದರು. ಆ ಮಾತನ್ನು ಕೇಳಿದವರು ಇನ್ನೂ ಮೂರು ಜನ ಬದುಕಿದ್ದಾರೆ. ಕೇಳಿ ನೋಡಿ, ನೆನಪಿಲ್ಲ ಅನ್ನುತ್ತಾರೆ.

ಎರಡು ವರ್ಷದ ಮೇಲೆ ಎದಲ್‌ಜಿ ಮತ್ತೆ ಕೆಳಗೆ ಬಂದರು. ಈ ಸಲ ಅವರ ತಂಗಿ ಪೆರೀನ್‌ಗಾಗಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಇದ್ದ ಹೆಂಗಸು, ಮೂವತ್ತಾರು ವರ್ಷ. ಎಡಗಡೆಯ ಮೊಲೆಯಲ್ಲಿ ಗಂಟಾಗಿ, ಒಡೆದು, ಹುಣ್ಣಾಗಿತ್ತು. ಅದಕ್ಕೆ ಆರು ವರ್ಷ ಮೊದಲು ಅವರ ತಾಯಿ ಬಚೂಮಾಯ್ ಹೋದದ್ದೂ ಅದರಿಂದಲೇ. ಹೊರಗಿನವರಿಗೆ ತಾಯಿಯದು ಹೃದಯದ ಕಾಯಿಲೆ, ಮಗಳದು ಆಸ್ತಮಾ. ಹುಣ್ಣು ತೊಳೆದು ಪಟ್ಟಿ ಕಟ್ಟಲು ನರ್ಸ್ ಬಂದರೆ ಬಾಗಿಗೆಲ್ಲ ಗೊತ್ತಾಗುತ್ತದಲ್ಲ, ಅದಕ್ಕೆ ಗೂಲೂ ಬೇಕಾದಳು. ಏಳು ತಿಂಗಳು ಅವಳೇ ತೊಳೆದಳು. ಮನೆಯಲ್ಲಿ ಹೊತ್ತುಹೊತ್ತಿಗೆ ಲೋಬಾನ ಹಾಕಿ ವಾಸನೆ ಮುಚ್ಚುತ್ತಿದ್ದರು. ಎದಲ್‌ಜಿ ಮನೆಯಲ್ಲಿ ಎಂಥ ಭಕ್ತಿ ಎಂದು ನನ್ನ ತಾಯಿ ಮೆಚ್ಚಿಕೊಂಡದ್ದುಂಟು.

ಪೆರೀನ್ ತೀರಿಕೊಂಡ ಮೇಲೆ ಎದಲ್‌ಜಿ ಗೂಲೂ ಮಾಸಿಯನ್ನು ಒಳಗೆ ಕರೆದು ಕೂರಿಸಿದರು.

"ನಂಗೆ ಹೆಣ್ಣುಮಗು ಇದೆ ಗೂಲೂ. ನಾಳೆ ಇನ್ನೊಂದು ಆಗ್ಬಹುದು. ಇದು ಹೊರಗೆ ಬಿದ್ರೆ ಅವಕ್ಕೆ ಗಂಡು ಯಾರು ಕೊಡ್ತಾರೆ ಹೇಳು?"

ಅವಳು ಸೊಂಟಕ್ಕೆ ಕಟ್ಟಿದ ಪವಿತ್ರ ದಾರ, ಕುಸ್ತಿಯ ಮೇಲೆ ಕೈಯಿಟ್ಟು ಹೇಳಿದಳು: "ನನ್ನ ಬಾಯಿಂದ ಬರಲ್ಲ." ಎರಡು ತಿಂಗಳಲ್ಲಿ ನೆಲಮಹಡಿಯ ಕೋಣೆ ಅವಳ ಗಂಡನ ಹೆಸರಿಗೆ ಮಂಜೂರಾಯಿತು. ಮಂಜೂರು ಮಾಡಿಸಿದ್ದು ಎದಲ್‌ಜಿ. ಇದನ್ನು ಲಂಚ ಎನ್ನಲು ನನಗೆ ಮನಸ್ಸಿಲ್ಲ, ಉಪಕಾರ ಎನ್ನಲು ನಾಲಿಗೆ ಬರುವುದಿಲ್ಲ.

೧೯೬೩ರಲ್ಲಿ ಧನ್‌ಮಾಯ್‌ಗೆ ಎರಡನೇ ಮಗಳು ಹುಟ್ಟಿದಳು, ಫ್ರೇನಿ. ಈ ಸಲ ಟೈಫಾಯ್ಡ್ ಇಲ್ಲ, ಏನೂ ಇಲ್ಲ. ಫ್ರೇನಿ ತಾಯಿಯ ಹಾಲನ್ನೇ ಕುಡಿದು ಬೆಳೆದಳು. ಗೂಲೂ ಮಾಸಿಯ ಹಾಲಿನ ಒಂದು ಹನಿಯೂ ಅವಳ ಬಾಯಿಗೆ ಹೋಗಲಿಲ್ಲ. ಇದನ್ನು ಓದುಗರು ಮರೆಯಬಾರದು, ಏಕೆಂದರೆ ನಮ್ಮ ಬಾಗು ತನಗೆ ಬೇಕಾದಷ್ಟು ದಿನ ಇದನ್ನು ನೆನಪಿಟ್ಟುಕೊಂಡು ಬೇಡವಾದ ದಿನ ಮರೆಯಿತು.

೧೯೭೦ರಲ್ಲಿ ಬಾಗಿನ ಗೇಟಿಗೆ ಒಂದು ಕಾರು ಬಂತು. ಒಳಗೆ ಮಂಜುಗಡ್ಡೆಯ ಪೆಟ್ಟಿಗೆ, ಸಣ್ಣ ಬಾಟಲಿಗಳು, ಒಬ್ಬ ಲೇಡಿ ಡಾಕ್ಟರು, ಒಂದು ರಿಜಿಸ್ಟರು. ನಮ್ಮ ಹೆಂಗಸರಿಗೆ ಎದೆಯ ಕ್ಯಾನ್ಸರು ಬೇರೆ ಜನರಿಗಿಂತ ಹೆಚ್ಚು, ನಾವು ಮದುವೆಯಾಗುವುದೂ ನಮ್ಮೊಳಗೇ. ಆದ್ದರಿಂದ ಹಾಲೂಡಿಸುವ ಪಾರ್ಸಿ ತಾಯಂದಿರ ಹಾಲನ್ನು ಪರೀಕ್ಷಿಸಬೇಕು ಎಂದರು. ಎದಲ್‌ಜಿ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿದರು: ಸಮಾಜದ ಹೆಸರಿಗೆ ಕುಂದು ಬಾರದಂತೆ ಸಹಕರಿಸಿ.

ಗೂಲೂ ಮಾಸಿಗೆ ಆಗ ಮೂರನೆಯದು ಎದೆಯಲ್ಲಿತ್ತು. ಮೊದಲು ಹೋಗಿ ಕೂತವಳು ಅವಳೇ.

"ಇದರಲ್ಲಿ ಏನು ಹುಡುಕ್ತೀರಿ ಡಾಕ್ಟ್ರಮ್ಮ?"

"ಒಂದು ಜಾತಿ ಇಲಿಗಳಲ್ಲಿ ಈ ರೋಗ ತಾಯಿ ಹಾಲಿಂದ ಮರಿಗೆ ಬರುತ್ತೆ ಅಮ್ಮ. ಹಾಲಲ್ಲಿ ಒಂದು ವೈರಸ್ ಇರುತ್ತೆ. ಮನುಷ್ಯರಲ್ಲೂ ಅಂಥದ್ದು ಇದೆಯಾ ಅಂತ ನೋಡ್ತಿದೀವಿ."

"ಆ ಇಲಿ ಪಾರ್ಸಿನಾ?"

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ರಿಜಿಸ್ಟರು ತೆರೆದು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು: ನಿಮ್ಮ ಮನೆತನದಲ್ಲಿ ಯಾವ ಹೆಂಗಸಿಗಾದರೂ ಈ ರೋಗ ಇತ್ತಾ?

"ನನ್ನ ತಾಯಿಯ ಅಕ್ಕನಿಗಿತ್ತು. ಬಿಲಿಮೋರಾದಲ್ಲಿ ಸತ್ತಳು. ಬರ್ಕೊಳ್ಳಿ."

ಅಂದು ಬಾಗಿನಲ್ಲಿ ಹನ್ನೊಂದು ತಾಯಂದಿರು ಹಾಲು ಕೊಟ್ಟರು. ಆ ಪ್ರಶ್ನೆಗೆ 'ಹೌದು' ಎಂದವಳು ಅವಳೊಬ್ಬಳೇ. ಉಳಿದ ಹತ್ತು ಮನೆಗಳಲ್ಲಿ ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತು 'ಇಲ್ಲ' ಎಂದರು. ಅದರಲ್ಲಿ ಎಷ್ಟು ಇಲ್ಲಗಳು ಸುಳ್ಳು ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ರೋಗ ನಮ್ಮಲ್ಲೇ ಯಾಕೆ ಹೆಚ್ಚು ಎಂದು ತಿಳಿಯಲು ಬಂದವರಿಗೆ ನಮ್ಮಲ್ಲಿ ಅದು ಇಲ್ಲವೇ ಇಲ್ಲ ಎಂದು ಬರೆಸಿ ಕಳಿಸಿದ ಜನ ನಾವು. ಇನ್ನು ಅವರ ಲೆಕ್ಕ ಸರಿ ಬಂದೀತು ಹೇಗೆ?

ಮರುವರ್ಷ ನಮ್ಮ ಗುಜರಾತಿ ಪತ್ರಿಕೆಯಲ್ಲಿ ಒಂದು ತಲೆಬರಹ ಬಂತು: 'ಪಾರ್ಸಿ ತಾಯಂದಿರ ಹಾಲಿನಲ್ಲಿ ಕ್ಯಾನ್ಸರ್ ವೈರಸ್?' ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಸೂಕ್ಷ್ಮದರ್ಶಕದ ಕೆಳಗೆ ಕೆಲವು ತಾಯಂದಿರ ಹಾಲಿನಲ್ಲಿ, ಇಲಿಯ ವೈರಸ್ಸನ್ನು ಹೋಲುವ ಕಣಗಳು ಕಂಡಿವೆ, ಇದರ ಅರ್ಥ ಏನೆಂದು ಇನ್ನೂ ಹೇಳಲಾಗದು ಎಂದು ಕೆಳಗೆ ಬರೆದಿತ್ತು. ಬಾಗು ಚಿಹ್ನೆಯನ್ನು ಕಿತ್ತುಹಾಕಿ ಓದಿತು. ಕೆಳಗಿನದನ್ನು ಓದಲೇ ಇಲ್ಲ.

ಆ ಬೇಸಿಗೆ ಫ್ರೇನಿಯ ನವಜೋತ್ ಗೊತ್ತಾಗಿತ್ತು. ಸುದ್ರೆಯ ಬಟ್ಟೆ ಗೂಲೂ ಮಾಸಿಯ ಮನೆಯಲ್ಲಿತ್ತು, ಅರ್ಧ ಹೊಲಿದೂ ಆಗಿತ್ತು. ಧನ್‌ಮಾಯ್ ಇಳಿದು ಬಂದು ಬಾಗಿಲಾಚೆಯೇ ನಿಂತರು.

"ಬಟ್ಟೆ ವಾಪಸ್ ಕೊಡು. ಬೇರೆ ಕಡೆ ಹೊಲಿಸ್ತೀನಿ."

"ಯಾಕೆ ಧನ್‌ಮಾಯ್, ಕೈಹೊಲಿಗೇಲೂ ವೈರಸ್ ಬರುತ್ತಂತಾ?"

"ನಗ್ಬೇಡ. ನಮ್ಮ ದೊಡ್ಡಮ್ಮನಿಗಿತ್ತು ಅಂತ ಆವತ್ತು ನೀನೇ ಬಾಯ್ತುಂಬ ಹೇಳಿದ್ಯಲ್ಲ, ಎಲ್ಲಾ ಕೇಳಿಸ್ಕೊಂಡಿದಾರೆ. ನಿನ್ನ ಮನೆತನದ ಹಾಲು ನನ್ನ ಆಬಾನ್ ಹೊಟ್ಟೇಲಿದೆ. ಅವಳನ್ನ ನೋಡಿದಾಗೆಲ್ಲ ನನ್ನ ಕರುಳು ಕಿತ್ತು ಬರುತ್ತೆ."

ಗೂಲೂ ಮಾಸಿ ಸೂಜಿ ಬಿಡಿಸಿ, ಬಟ್ಟೆ ಮಡಚಿ, ಕೈಗೆ ಕೊಟ್ಟಳು. ಮೇಲಿನ ಮಹಡಿಯ ಗೋಡೆಯಲ್ಲಿ ಪೆರೀನ್ ಮತ್ತು ಬಚೂಮಾಯ್ ಫೋಟೋಗಳು ಅಕ್ಕಪಕ್ಕ ಹಾರ ಹಾಕಿಸಿಕೊಂಡು ತೂಗುತ್ತಿದ್ದವು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಆಡಲಿಲ್ಲ.

ಆ ವಾರವೇ ಅವಳ ದೊಡ್ಡ ಮಗನ ಹುಟ್ಟುಹಬ್ಬ. ಪದ್ಧತಿಯಂತೆ ಬಟ್ಟಲಲ್ಲಿ ಸಿಹಿ ಶಾವಿಗೆ ಹಾಕಿ ಮನೆಮನೆಗೆ ಕಳಿಸಿದಳು. ನಮ್ಮ ತಾಯಿ ಬಾಗಿಲು ಅರ್ಧ ತೆರೆದು, "ಮಗೂಗೆ ಹೊಟ್ಟೆ ಸರಿಯಿಲ್ಲ, ಆಮೇಲೆ ತರಿಸ್ಕೋತೀನಿ" ಎಂದು ಬಟ್ಟಲು ಹಿಂದೆ ಕಳಿಸಿದರು. ನನ್ನ ತಮ್ಮ ಗುಂಡುಕಲ್ಲಿನಂತೆ ಪಕ್ಕದಲ್ಲೇ ನಿಂತಿದ್ದ.

ವೈರಸ್ ಎಲ್ಲರಿಗೂ ಅನುಕೂಲವಾಯಿತು. ಅದು ಹೊರಗಿನಿಂದ ಬರುತ್ತದೆ. ಇನ್ನೊಬ್ಬರ ಮೈಯಿಂದ, ಇನ್ನೊಬ್ಬರ ಹಾಲಿನಿಂದ, ನೆಲಮಹಡಿಯಿಂದ ಮೂರನೇ ಮಹಡಿಗೆ ಹತ್ತುತ್ತದೆ. ರಕ್ತದಲ್ಲೇ ಇದೆ ಎಂದರೆ ನಾವು ನಮ್ಮ ಅಜ್ಜಿಯರ ಹೆಸರು ಹೇಳಬೇಕಾಗುತ್ತದೆ. ದೂರದ ಊರಿನ ಪ್ರಯೋಗಾಲಯದಲ್ಲಿ ಯಾರೋ ಪ್ರಾಮಾಣಿಕರು ಹಗಲೂ ಇರುಳೂ ಕೂತು ಕೇಳಿದ ಒಂದು ಒಳ್ಳೆಯ ಪ್ರಶ್ನೆಯನ್ನು ನಾವು ಪೊರಕೆ ಮಾಡಿಕೊಂಡೆವು, ನಮ್ಮ ಕಸವನ್ನು ಬಡವಿಯ ಬಾಗಿಲಿಗೆ ಗುಡಿಸಲು.

ಆಬಾನ್‌ಗೆ ಮೂರು ಸಂಬಂಧ ಬಂದವು, ಮೂರೂ ಮುರಿದವು. 'ಆ ಹಾಲು ಕುಡಿದ ಹುಡುಗಿ' ಎಂಬ ಮಾತು ಗುಜರಾತಿನ ನವಸಾರಿಯವರೆಗೂ ಹೋಗಿತ್ತು. ಹಬ್ಬಿಸಿದ್ದು ಅವಳ ತಾಯಿಯ ಬಾಯಿಯೇ. ಆಬಾನ್ ಟೈಪಿಸ್ಟ್ ಆದಳು, ತಾಯಿಯ ಕಣ್ಣು ತಪ್ಪಿಸಿ ಶನಿವಾರ ಮಧ್ಯಾಹ್ನ ಗೂಲೂ ಮಾಸಿಯ ಮೆಟ್ಟಿಲಲ್ಲಿ ಕೂತು ಪುದೀನ ಹಾಕಿದ ಚಹಾ ಕುಡಿದು ಹೋಗುತ್ತಿದ್ದಳು. ಫ್ರೇನಿಯ ಸಂಬಂಧಕ್ಕೆ ಓಡಾಡುವಾಗ ಧನ್‌ಮಾಯ್ ತಪ್ಪದೆ ಹೇಳುತ್ತಿದ್ದರು: "ಚಿಕ್ಕವಳಿಗೆ ಆ ಭಯ ಇಲ್ಲ. ಇವಳು ನನ್ನ ಹಾಲನ್ನೇ ಕುಡಿದವಳು."

೧೯೮೯ರಲ್ಲಿ ಆಬಾನ್‌ಗೆ ರೋಗ ಬಂತು. ಮೂವತ್ತು ವರ್ಷ. ಗೊತ್ತಾಗುವಾಗಲೇ ಕಂಕುಳಿಗೆ ಹಬ್ಬಿತ್ತು. ಫ್ರೇನಿಯ ಮದುವೆಗೆ ನಾಲ್ಕು ತಿಂಗಳಿತ್ತು. ಹುಡುಗ ವಿಮೆ ಕಂಪನಿಯಲ್ಲಿ ಅಧಿಕಾರಿ.

ಧನ್‌ಮಾಯ್ ಅಂಗಳದಲ್ಲಿ ನಿಂತು ಐದು ಕಟ್ಟಡಕ್ಕೂ ಕೇಳುವಂತೆ ಕೂಗಿದರು. "ಬಾ ಹೊರಗೆ! ಬಂದು ನೋಡು ನಿನ್ನ ಹಾಲು ಏನು ಮಾಡ್ತು ಅಂತ!"

ಕಿಟಕಿಗಳೆಲ್ಲ ತೆರೆದುಕೊಂಡವು, ಬಾಯಿ ಒಂದೂ ತೆರೆಯಲಿಲ್ಲ. ಎದಲ್‌ಜಿ ಬಾಲ್ಕನಿಯಲ್ಲಿ ನಿಂತಿದ್ದರು. ತಾಯಿ ಯಾವುದರಿಂದ ಸತ್ತಳು, ತಂಗಿ ಯಾವುದರಿಂದ ಸತ್ತಳು ಎಂದು ಚೆನ್ನಾಗಿ ಗೊತ್ತಿದ್ದ ಆ ಮನುಷ್ಯ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದರು.

ಆ ರಾದ್ಧಾಂತ ಆದ ಮೂರನೇ ದಿನ ಗೂಲೂ ಮಾಸಿ ಒಳ್ಳೆಯ ಸೀರೆ ಉಟ್ಟು, ಆಬಾನ್‌ಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರನ್ನು ಹುಡುಕಿಕೊಂಡು ಆಸ್ಪತ್ರೆಗೆ ಹೋದಳು. ನಡೆದದ್ದನ್ನು ಅವಳೇ ಬಹಳ ವರ್ಷಗಳ ಮೇಲೆ ನನಗೆ ಹೇಳಿದ್ದು.

"ಎಪ್ಪತ್ತನೇ ಇಸವೀಲಿ ನನ್ನ ಹಾಲು ತಗೊಂಡು ಹೋದ್ರು. ನನ್ನ ಬಾಟ್ಲಿಯಲ್ಲಿ ಆ ಕಣ ಇತ್ತೋ ಇಲ್ವೋ, ಅಷ್ಟು ಹೇಳಿ."

"ಅವೆಲ್ಲ ಬರೀ ನಂಬರು ತಾಯಿ. ಯಾರದು ಯಾವ್ದು ಅಂತ ಈಗ ಯಾರೂ ಹೇಳಕ್ಕಾಗಲ್ಲ. ಅಲ್ದೆ ಆ ಕಣಗಳೇ ರೋಗ ತರುತ್ವೆ ಅಂತ ಆಮೇಲೆ ಯಾರೂ ಸಾಬೀತು ಮಾಡ್ಲಿಲ್ಲ."

"ಹಾಗಾದ್ರೆ ನನ್ನ ಹಾಲಿಂದ ಬಂದಿಲ್ಲ ಅಂತ ಒಂದು ಚೀಟಿ ಬರ್ಕೊಡಿ."

"ಬಂದಿದೆ ಅನ್ನೋಕೆ ಆಧಾರ ಇಲ್ಲ ಅಂತ ಬರೀಬಹುದು. ಬಂದೇ ಇಲ್ಲ ಅಂತ ಬರೆಯೋಕಾಗಲ್ಲ."

"ಬಯ್ಯೋರಿಗೆ ಆಧಾರ ಬೇಕಾಗಲ್ಲ ಡಾಕ್ಟ್ರೇ. ನಂಗೊಬ್ಬಳಿಗೇ ಬೇಕಾಗುತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ಆ ಮನೆಯವರಿಗೆ ಹತ್ತಿರದವರ ಹಾಗೆ ಕಾಣ್ತೀರಿ. ನಿಜ ಹೇಳಿ, ಅಲ್ಲಿ ಇನ್ಯಾರಿಗಾದ್ರೂ ಇದು ಇತ್ತಾ? ಇಲ್ಲ ಅಂತ ಬರೆಸಿದಾರೆ."

"ಇದ್ರೆ ಏನಾಯ್ತು?"

"ಇದ್ರೆ ಆ ಹುಡುಗಿಯ ತಂಗೀನ ಪರೀಕ್ಷೆ ಮಾಡ್ಬೇಕು. ಇವತ್ತೇ. ಕಾಯೋ ಹಾಗಿಲ್ಲ."

ಅವಳು ಎದ್ದು ಬಂದಳು. ಆರು ವಾರ ಯಾರಿಗೂ ಏನೂ ಹೇಳಲಿಲ್ಲ. ಇದಕ್ಕಾಗಿ ಅವಳನ್ನೂ ನಾನು ಬೈಯುತ್ತೇನೆ, ಅವಳು ಬದುಕಿದ್ದಾಗ ಎದುರಿಗೇ ಬೈದಿದ್ದೇನೆ. ಕುಸ್ತಿ ಮುಟ್ಟಿ ಕೊಟ್ಟ ಮಾತು ಒಂದು ಕಡೆ. ಆಡಿದರೆ ಫ್ರೇನಿಯ ಮದುವೆ ನಿಲ್ಲುತ್ತದೆ, ಆಡದಿದ್ದರೆ ಫ್ರೇನಿಯೇ ಹೋಗಬಹುದು. ಇದರ ಜೊತೆಗೆ ಇನ್ನೂ ಒಂದು ಮುಳ್ಳು: ಅವಳ ಹಾಲು ಕುಡಿಯದ ಫ್ರೇನಿಗೂ ರೋಗ ಬಂದರೆ ಅವಳ ಹಾಲಿನ ಮೇಲಿನ ಅಪವಾದ ತಾನಾಗಿ ಕಳಚಿಬೀಳುತ್ತದೆ. "ನನ್ನ ಮನಸ್ಸು ಅದನ್ನ ಬಯಸ್ತಾ ಇದೆಯೇನೋ ಅಂತ ನಂಗೆ ನನ್ನ ಮೇಲೇ ಹೆದರಿಕೆ ಆಯ್ತು" ಎಂದಳು ನನಗೆ.

ಆಬಾನ್ ಸತ್ತಳು. ನಮ್ಮವರ ಶವಸಂಸ್ಕಾರ ನಡೆಯುವ ಡೂಂಗರ್‌ವಾಡಿಯಲ್ಲಿ ನಾಲ್ಕು ದಿನ ಪ್ರಾರ್ಥನೆ ನಡೆಯಿತು. ಬಿಳಿ ಸೀರೆಯ ಹೆಂಗಸರ ಸಾಲಿನಲ್ಲಿ ಗೂಲೂ ಮಾಸಿ ಕೂತಾಗ ಅವಳ ಎಡಬಲದ ಎರಡೆರಡು ಕುರ್ಚಿಗಳು ಖಾಲಿಯಾದವು. ನಾಲ್ಕನೆಯ ದಿನ ಬೆಳಿಗ್ಗೆ, ಕೊನೆಯ ಪ್ರಾರ್ಥನೆ ಮುಗಿದು ಜನ ಚಪ್ಪಲಿ ಹುಡುಕುತ್ತಿರುವಾಗ, ಅವಳು ಫ್ರೇನಿಯ ಕೈ ಹಿಡಿದು ಮರದ ಕೆಳಗೆ ಕರೆದುಕೊಂಡು ಹೋದಳು.

"ದೀಕ್ರಿ, ಮಗಳೇ, ನಿನ್ನ ಬಚೂ ಅಜ್ಜಿ ಹೃದಯದಿಂದ ಸಾಯ್ಲಿಲ್ಲ. ಪೆರೀನ್ ಅತ್ತೆ ಆಸ್ತಮಾದಿಂದ ಸಾಯ್ಲಿಲ್ಲ. ಇಬ್ಬರಿಗೂ ಇದೇನೇ. ನಾಳೆನೇ ಹೋಗಿ ಪರೀಕ್ಷೆ ಮಾಡಿಸ್ಕೊ."

ಫ್ರೇನಿ ಕೈ ಕಿತ್ತುಕೊಂಡಳು. "ನನ್ನ ಅಕ್ಕನ್ನ ತಿಂದಿದ್ದು ಸಾಲ್ದಾ? ಈಗ ನನ್ನ ಮದುವೆ ಮೇಲೆ ಕಣ್ಣಾ?"

"ಬೈಯಿ, ಆಮೇಲೆ ಬೇಕಾದಷ್ಟು ಬೈಯಿ. ಮನೆಗೆ ಹೋಗಿ ಪೆರೀನ್ ಕೊನೇ ಫೋಟೋ ನೋಡು. ನಾವೆಲ್ಲ ಸೆರಗು ಬಲಕ್ಕೆ ಹಾಕ್ತೀವಿ. ಅವಳು ಸೆರಗಿನ ಮೇಲೆ ಶಾಲು ಹೊದ್ದು ಎಡಗಡೆ ಮುಚ್ಕೊಂಡಿದಾಳೆ, ಮೇ ತಿಂಗಳ ಸೆಖೇಲಿ. ಯಾಕೆ ಅಂತ ನಿಮ್ಮಪ್ಪನ್ನ ಕೇಳು. ಆ ಶಾಲಿನ ಕೆಳಗಿದ್ದ ಪಟ್ಟಿ ಕಟ್ಟಿದ್ದು ಈ ಕೈ."

ಫ್ರೇನಿ ಅಪ್ಪನನ್ನು ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಆ ವಾರವೇ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದಳು. ಕಡಲೆಕಾಳಿನಷ್ಟು ಒಂದು ಗಂಟು ಸಿಕ್ಕಿತು. ಬಹಳ ಬೇಗ ಸಿಕ್ಕಿದೆ ಎಂದರು. ತೆಗೆದರು.

ಸುದ್ದಿ ಹೇಗೋ ಮುಟ್ಟಿ, ಹುಡುಗನ ಕಡೆಯವರು ಎರಡೇ ದಿನದಲ್ಲಿ ಬಂದರು. ಹುಡುಗನ ತಾಯಿ ಧನ್‌ಮಾಯ್ ಮನೆಯ ಸೋಫಾದ ಅಂಚಿನಲ್ಲಿ ಕೂತು ಹೇಳಿದ ಮಾತು ಬಾಗಿಗೆಲ್ಲ ಗೊತ್ತು: "ದೊಡ್ಡವಳಿಗೆ ಹಾಲಿಂದ ಬಂತು ಅಂದ್ರಿ, ಸರಿ, ಯಾರದೋ ಹಾಲು ಅಂತ ಸುಮ್ಮನಾದ್ವಿ. ಚಿಕ್ಕವಳಿಗೂ ಅಂದ್ರೆ ಇದು ನಿಮ್ಮ ಮನೆತನದ್ದೇ ಆಯ್ತಲ್ಲ." ಉಂಗುರ ಹಿಂದಿರುಗಿತು.

ಆ ಹೆಂಗಸಿಗೆ ಅಷ್ಟು ಬೇಗ ಹೊಳೆದದ್ದು ನಮ್ಮ ಬಾಗಿನ ಇನ್ನೂರು ಮನೆಗೆ ಹೊಳೆಯಲಿಲ್ಲ. ಆ ಹಾಲು ಕುಡಿಯದವಳಿಗೂ ರೋಗ ಬಂದಿದೆ. ಕುಡಿದ ನನ್ನ ತಮ್ಮನೂ ಉಳಿದ ಮೂವರೂ, ಅದರಲ್ಲಿ ಇಬ್ಬರು ಹೆಂಗಸರು, ಚೆನ್ನಾಗಿದ್ದಾರೆ. ಇಷ್ಟರಿಂದ ವಿಜ್ಞಾನ ಏನನ್ನೂ ತೀರ್ಮಾನಿಸುವುದಿಲ್ಲ, ಗೊತ್ತು. ಒಂದು ಬಾಗು ಒಬ್ಬ ಹೆಂಗಸಿನ ಬಾಗಿಲು ತಟ್ಟಿ 'ತಪ್ಪಾಯಿತು' ಎನ್ನಲು ಇಷ್ಟು ಸಾಕಿತ್ತು. ಯಾರೂ ತಟ್ಟಲಿಲ್ಲ. ಬದಲಿಗೆ ಹೊಸ ಮಾತು ಹುಟ್ಟಿತು: ಕುಸ್ತಿ ಮುಟ್ಟಿ ಆಣೆ ಮಾಡಿ ಮುರಿದವಳು, ಬಾಯಿಬಡುಕಿ, ಕೂಡಿದ ಮದುವೆ ಒಡೆದವಳು. ನಮ್ಮ ತಾಯಿಯೂ ಅದನ್ನು ಆಡಿದರು. ನಾನು ಊಟದ ತಟ್ಟೆಯ ಮುಂದೆ ಕೂತು ಕೇಳಿಸಿಕೊಂಡೆ, ಎದ್ದು ಹೋಗಲಿಲ್ಲ. ಎದಲ್‌ಜಿ ಮರುವರ್ಷ ಮತ್ತೆ ಕಾರ್ಯದರ್ಶಿಯಾಗಿ ಅವಿರೋಧವಾಗಿ ಆಯ್ಕೆಯಾದರು.

ವೈರಸ್ಸಿನ ಪ್ರಶ್ನೆಯನ್ನು ಜಗತ್ತು ಪೂರ್ತಿ ಕೈಬಿಟ್ಟಿಲ್ಲ. ಇಲಿಯ ಆ ವೈರಸ್ಸಿನ ಗುರುತು ಮನುಷ್ಯರ ಗೆಡ್ಡೆಗಳಲ್ಲಿ ಸಿಕ್ಕಿತು ಎನ್ನುವವರಿದ್ದಾರೆ, ಪರೀಕ್ಷೆಯಲ್ಲೇ ಕಲಬೆರಕೆಯಾಗಿತ್ತು ಎನ್ನುವವರೂ ಇದ್ದಾರೆ. ರಕ್ತದಲ್ಲಿ ಇಳಿದು ಬರುವ ದೋಷದ ಬಗ್ಗೆ ಬೇಕಾದಷ್ಟು ಗೊತ್ತಾಗಿದೆ, ಆದರೂ ಎಲ್ಲವೂ ಅದೇ ಅಲ್ಲವಂತೆ. ಓದಿ ತಿಳಿದಷ್ಟು ಹೇಳುತ್ತಿದ್ದೇನೆ, ನಾನು ಡಾಕ್ಟರಲ್ಲ. ಅವರು ಇನ್ನೂ ಕೇಳುತ್ತಲೇ ಇದ್ದಾರೆ, ಕೇಳಲಿ. ಉತ್ತರ ಬರುವ ಮೊದಲೇ ಶಿಕ್ಷೆ ಕೊಟ್ಟು ಮುಗಿಸಿದವರು ನಾವು.

ಫ್ರೇನಿ ಬದುಕಿದಳು. ಮದುವೆಯಾಗಲಿಲ್ಲ. ಐದು ವರ್ಷ ಗೂಲೂ ಮಾಸಿಯ ಬಾಗಿಲ ಮುಂದೆಯೇ ಆಫೀಸಿಗೆ ಹೋಗಿ ಬರುತ್ತಿದ್ದರೂ ಅವಳತ್ತ ತಿರುಗಲಿಲ್ಲ. ೧೯೯೪ರ ಒಂದು ಬೆಳಿಗ್ಗೆ ಗೂಲೂ ಮಾಸಿ ಹೊಸ್ತಿಲ ಮುಂದೆ ಸುಣ್ಣದ ಪುಡಿಯ ಅಚ್ಚಿನಿಂದ ಮೀನಿನ ರಂಗೋಲಿ ಒತ್ತುತ್ತಿದ್ದಳು. ನಾನು ಪಕ್ಕದ ಕಟ್ಟೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಫ್ರೇನಿ ಮೆಟ್ಟಿಲಿಳಿದು ಬಂದವಳು ಅವಳ ಎದುರಿಗೇ ನಿಂತಳು.

"ನಿನ್ನೆ ಡಾಕ್ಟ್ರು ಅಂದ್ರು, ಐದು ವರ್ಷ ಆಯ್ತು, ಇನ್ನು ಭಯ ಇಲ್ಲ ಅಂತ. ಹೇಳಿದವರಿಗೆ ಥ್ಯಾಂಕ್ಸ್ ಹೇಳು ಅಂದ್ರು."

"ಹೂಂ."

"ನಾನು ಹೇಳಲ್ಲ. ನನ್ನ ಜೀವ ಒಂದು ಬಿಟ್ಟು ಎಲ್ಲಾ ಹೋಯ್ತು ನಿನ್ನಿಂದ. ಹುಡುಗ ಹೋದ. ಅಪ್ಪ ನನ್ನ ಮುಖ ನೋಡಲ್ಲ, ಅಮ್ಮ ನನ್ನ ಜೊತೆ ಊಟಕ್ಕೆ ಕೂರಲ್ಲ. ನಂಗೆ ನಿನ್ನ ಕಂಡ್ರೆ ಮೈ ಉರಿಯುತ್ತೆ, ಗೊತ್ತಾ?"

ಗೂಲೂ ಮಾಸಿ ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗಲ್ಲ ತುಂಬಿಕೊಂಡಿತ್ತು ಹುಡುಗಿಗೆ.

"ಬೈಯೋಕಾದ್ರೂ ಇದೀಯಲ್ಲ. ಆಬಾನ್ ಅದಕ್ಕೂ ಇಲ್ಲ" ಎಂದಳು.

ಫ್ರೇನಿ ರಂಗೋಲಿಯನ್ನು ತುಳಿಯದೆ, ಸೀರೆ ಎತ್ತಿ ಹಿಡಿದು, ದೊಡ್ಡ ಹೆಜ್ಜೆಯಿಟ್ಟು ದಾಟಿ ಗೇಟಿನ ಕಡೆ ನಡೆದಳು.